ಜೋಳದ ಕೂಳೆಯಲ್ಲಿ ಬರಿಗಾಲು

ತಾರೀಖಿಗೆ ಹೋಗುವಾಗ ನಿಲಂಗಾದಲ್ಲಿ ಬಸ್ಸು ಬದಲಿಸಬೇಕಾಗುತ್ತಿತ್ತು. ತುರೋರಿಯಿಂದ ಉಮರ್ಗಾದವರೆಗೆ ಯಾರದಾದರೂ ಗಾಡಿ, ಅಲ್ಲಿಂದ ನಿಲಂಗಾಕ್ಕೆ ಒಂದು ಬಸ್ಸು, ನಿಲಂಗಾದಿಂದ ಉದಗೀರಕ್ಕೆ ಇನ್ನೊಂದು. ಆ ಇನ್ನೊಂದು ಬಸ್ಸು ಯಾವಾಗ ಬರುತ್ತದೆಂದು ಅದನ್ನು ಓಡಿಸುವವನಿಗೂ ಗೊತ್ತಿರುತ್ತಿರಲಿಲ್ಲ. ನಾನು ನಿಲ್ದಾಣದ ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದೆ. ಪಕ್ಕದಲ್ಲಿ ಕುಳಿತ ಹೆಂಗಸರು ಮಾತಿಗೆಳೆಯುತ್ತಿದ್ದರು. ಯಾವ ಊರು, ಯಾರ ಮನೆ, ಎಲ್ಲಿಗೆ ಹೊರಟಿದ್ದಿ. ಅದಾಲತ್ತಿಗೆ ಎನ್ನುತ್ತಿದ್ದಂತೆ ಅವರು ತಮ್ಮ ಗಂಟನ್ನು ಒಂದು ಮೊಳ ಆಚೆ ಸರಿಸುತ್ತಿದ್ದರು. ದಾವೆ ಎಂಬುದು ಕಜ್ಜಿಯಂತೆ ಮೈಗೆ ಮೈ ತಾಗಿದರೆ ಹತ್ತುತ್ತದೆ ಎಂದುಕೊಂಡಿದ್ದರೋ ಏನೋ. ಮುಂದೆ ನನಗೆ ಒಂಟಿತನ ಬಗೆಬಗೆಯಾಗಿ ಬಂತು. ಆದರೆ ನಿಲಂಗಾದ ಆ ಗೋಡೆಯ ಬುಡದಲ್ಲಿ ಕುಳಿತಾಗ ಆದಷ್ಟು ಸಂಕಟ ಬೇರೆಲ್ಲೂ ಆಗಲಿಲ್ಲ. ಸುತ್ತ ಅಷ್ಟು ಜನ, ನನ್ನ ಕಡೆಯವರು ಒಬ್ಬರೂ ಇಲ್ಲ.

ನಮ್ಮದು ಅಯ್ಯನವರ ಮನೆತನ. ತಂದೆ ತುರೋರಿಯಲ್ಲಿ ಒಕ್ಕಲಿಗರ ಮನೆಗಳಿಗೆ ಪೂಜೆಗೆ ಹೋಗುತ್ತಿದ್ದರು. ಗಂಡುಮಕ್ಕಳಿಗೆ ಕಲಿಸುವಾಗ ನನ್ನನ್ನೂ ಹತ್ತಿರ ಕೂಡಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದರು. ನನ್ನನ್ನು ಕೊಟ್ಟಿದ್ದು ವಲಾಂಡಿಯ ಹತ್ತಿರದ ಒಂದು ಹಳ್ಳಿಗೆ, ನಮ್ಮಂಥದೇ ಮನೆಗೆ. ಅಣ್ಣತಮ್ಮ ಇಬ್ಬರೇ. ಊರಿನ ಮನೆಗಳ ಪೂಜೆ, ಹಳ್ಳದ ದಂಡೆಗೆ ಒಂದು ಎರೆಹೊಲ. ನನ್ನ ಗಂಡ ಚಿಕ್ಕವರು. ಹಿರಿಯರು ನನ್ನ ಭಾವ. ಹಿರಿಯ ಭಾವನ ಎದುರು ಚಿಕ್ಕ ಸೊಸೆ ಬಾಯಿ ತೆರೆಯಬಾರದು. ಅವರು ಪಡಸಾಲೆಗೆ ಬಂದರೆ ನಾನು ಒಳಗೆ. ಏನಾದರೂ ಹೇಳುವುದಿದ್ದರೆ ಅವರು ಗೋಡೆಗೆ ಹೇಳುತ್ತಿದ್ದರು, ನಾನು ಗೋಡೆಯ ಈಚೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಒಂದೇ ಸೂರಿನ ಕೆಳಗೆ ಅಷ್ಟು ವರ್ಷ ಇದ್ದೂ ಅವರ ಮುಖ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಕಾಲುಗಳು ಮಾತ್ರ ಚೆನ್ನಾಗಿ ಗೊತ್ತಿದ್ದವು. ತಗ್ಗಿಸಿದ ಕಣ್ಣಿಗೆ ಕಾಣುವುದು ಅಷ್ಟೇ ತಾನೆ.

ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಒಲೆ ಎರಡಾದವು. ಜಗಳವೇನೂ ಇರಲಿಲ್ಲ. ಊರಿನ ಹಿರಿಯರು ಮಠದಲ್ಲಿ ಕುಳಿತು ಮಾತಾಡಿದರು. ಮೇಲಿನ ಪಟ್ಟಿ ಅಣ್ಣನಿಗೆ, ಹಳ್ಳದ ಕಡೆಯ ಕೆಳಗಿನ ಪಟ್ಟಿ ತಮ್ಮನಿಗೆ ಎಂದರು. ನಡುವೆ ಒಂದು ಬದು ಹಾಕಿದರು, ಎಲ್ಲರೂ ವಿಭೂತಿ ಹಚ್ಚಿಕೊಂಡು ಎದ್ದರು. ಕಾಗದ ಮಾಡಲಿಲ್ಲ. ಒಂದೇ ತಾಯಿಯ ಹಾಲು ಕುಡಿದವರ ನಡುವೆ ಕಾಗದ ಕೇಳುವುದೆಂದರೆ ಆ ಕಾಲಕ್ಕೆ ಬೈಗುಳವಿದ್ದಂತೆ.

ನಿಜಾಮನ ರಾಜ್ಯದಲ್ಲಿ ಗಲಾಟೆಯಾದ ವರ್ಷ ನನ್ನ ಗಂಡ ಜ್ವರದಲ್ಲಿ ಹೋದರು. ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿತ್ತು. ಉಳಿದವರು ಬಾಗಿಲು ಹಾಕಿಕೊಂಡು ಕುಳಿತಿದ್ದರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕೂಡಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು, ಮಣ್ಣು ಕೊಡುತ್ತೇವೆ. ಭಾವ, ಮಠದ ಮುದುಕರೊಬ್ಬರು, ಗುಣಿ ತೋಡಲು ಇಬ್ಬರು ಆಳು, ಇಷ್ಟೇ ಜನ. ಹೆಂಗಸರು ಬರುವುದು ಬೇಡ ಎಂದರೂ ನಾನು ಹಟ ಹಿಡಿದು ಹಿಂದೆ ಹೋದೆ. ಎಲ್ಲಿ ತೋಡುವುದು ಎಂದು ಆಳುಗಳು ಕೇಳಿದಾಗ ಭಾವ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಅವನ ಪಾಲಿನಾಗ ಅವನಿಗಿ ಜಾಗ ಮಾಡ್ರಿ. ಹಳ್ಳದ ಕಡಿಗಿ ಮಾರಿ ಮಾಡಿ ಕೂಡಿಸ್ರಿ. ಅಂವಗ ಹಳ್ಳದ ಗಾಳಿ ಅಂದ್ರ ಜೀವ."

ಹಾಗೆ ಹೇಳುತ್ತ ಗಳಗಳ ಅತ್ತರು. ಗದ್ದುಗೆಯ ಕಟ್ಟೆಯನ್ನು ಕಾಲ ನೆಟ್ಟಗಾದ ಮೇಲೆ ಕಟ್ಟಿಸೋಣ ಎಂದರು. ಸದ್ಯಕ್ಕೆ ಹಳ್ಳದಿಂದ ಒಂದು ಗುಂಡುಕಲ್ಲು ತಂದು ಮೇಲಿಟ್ಟರು.

ಕಾಲ ನೆಟ್ಟಗಾಯಿತು. ಫೌಜು ಬಂತು, ನಿಜಾಮನ ಸರಕಾರ ಹೋಯಿತು, ಓಡಿಹೋದವರಲ್ಲಿ ಕೆಲವರು ತಿರುಗಿ ಬಂದರು. ಆ ಸಲ ಭಾವ ಎರಡೂ ಪಟ್ಟಿಗಳನ್ನು ಕೂಡಿಸಿ ಕೂಲಿಯವನಿಂದ ಉಳುಮೆ ಮಾಡಿಸಿದರು. ಬದು ಹೋಯಿತು, ಗುಂಡುಕಲ್ಲೂ ಹೋಯಿತು. ನಾನು ನೆಗೆಣ್ಣಿಯನ್ನು ಕೇಳಿದೆ. ಆಕೆ ಒಳಗೆ ಹೋಗಿ ಗಂಡನನ್ನು ಕೇಳಿ ಬಂದು, ನನ್ನ ಮುಖ ನೋಡದೆ ಹೇಳಿದಳು.

"ಪಾಲ ಆಗೇ ಇಲ್ಲಂತವ್ವ. ಹೊಲ ಮನಿ ಬಿಟ್ಟು ಹೋಗಬಾರದಂತ. ನಿನಗ ಮಕ್ಕಳಿಲ್ಲ ಮರಿ ಇಲ್ಲ, ನಾಳಿ ನಿನ್ನ ತವರಮನಿಯವರು ಬಂದು ಬಿತ್ತತಾರಂತ. ನೀ ಇರು, ಉಣ್ಣು, ಯಾರು ಬ್ಯಾಡಂತಾರ?"

ಉಣ್ಣು ಎಂದಳಲ್ಲ, ಆ ಮಾತಿಗೆ ನನಗೆ ಮೈ ಉರಿದು ಹೋಯಿತು. ಅವರೇನು ಕೆಟ್ಟವರಲ್ಲ, ಅದೂ ನನಗೆ ಗೊತ್ತಿತ್ತು. ಗಲಾಟೆಯಲ್ಲಿ ಅವರ ಹಗೇವಿನ ಜೋಳವೆಲ್ಲ ಹೋಗಿತ್ತು, ಹೆಣ್ಣುಮಕ್ಕಳು ಬೆಳೆದು ನಿಂತಿದ್ದರು. ಆದರೆ ನನ್ನ ಪಾಲಿನ ಅನ್ನವನ್ನು ನನಗೇ ಭಿಕ್ಷೆಯಾಗಿ ಬಡಿಸಲು ಇವರ್ಯಾರು? ಅದೇ ವಾರ ತುರೋರಿಗೆ ಬಂದುಬಿಟ್ಟೆ.

ತಂದೆ ನನ್ನನ್ನು ಉದಗೀರಕ್ಕೆ ಕರೆದೊಯ್ದು ಒಬ್ಬ ವಕೀಲರ ಮುಂದೆ ಕೂಡಿಸಿದರು. ವಕೀಲರು ಮರಾಠಿಯವರು. ಅವರು ಮರಾಠಿಯಲ್ಲಿ ಕೇಳುವುದು, ನಾವು ಕನ್ನಡದಲ್ಲಿ ಹೇಳುವುದು. ಆ ಸೀಮೆಯಲ್ಲಿ ಅದಕ್ಕೇನೂ ತೊಂದರೆಯಿಲ್ಲ, ಇಬ್ಬರಿಗೂ ತಿಳಿಯುತ್ತದೆ. ಅವರು ಕಾಯದೆಯನ್ನು ಬಿಡಿಸಿ ಹೇಳಿದರು. ಅಣ್ಣತಮ್ಮ ಪಾಲಾಗಿದ್ದರೆ ಗಂಡನ ಪಾಲು ನಾನು ಬದುಕಿರುವವರೆಗೆ ನನ್ನದು. ಪಾಲಾಗಿರದಿದ್ದರೆ ಎಲ್ಲ ಭಾವನದು, ಅವರು ಹಾಕಿದಷ್ಟು ನಾನು ಉಣ್ಣಬೇಕು. ಅಂದರೆ ಪಾಲಾಗಿದ್ದು ನಿಜವೆಂದು ತೋರಿಸಬೇಕು, ಅಷ್ಟೇ. ಅಷ್ಟೇ ಎಂದಾಗ ನನಗೆ ಧೈರ್ಯ ಬಂತು. ಇಡೀ ಊರಿಗೆ ಗೊತ್ತಿರುವ ಮಾತು ತಾನೆ.

ಆದರೆ ಊರು ಮರೆತುಬಿಟ್ಟಿತು. ಮಠದಲ್ಲಿ ಕುಳಿತಿದ್ದ ಹಿರಿಯರಲ್ಲಿ ಕೆಲವರು ಗಲಾಟೆಯಲ್ಲಿ ಊರು ಬಿಟ್ಟವರು, ತಿರುಗಿ ಬರಲೇ ಇಲ್ಲ. ಮಠದ ಮುದುಕರು ತೀರಿಕೊಂಡಿದ್ದರು. ಗುಣಿ ತೋಡಿದ ಆಳುಗಳು ಎಲ್ಲಿಗೆ ಹೋದರೋ. ಉಳಿದವರು ದಿನಾ ಭಾವನ ಮುಖ ನೋಡಿಕೊಂಡು ಬಾಳಬೇಕಾದವರು. ಗವಾಹಿಗೆ, ಸಾಕ್ಷಿ ಹೇಳಲು, ಬರುತ್ತೀರಾ ಎಂದು ತಂದೆ ಮನೆಮನೆಗೆ ಹೋಗಿ ಕೇಳಿದರೆ, ನಮಗೆ ನೆನಪಿಲ್ಲರೀ ಎಂದರು. ಆ ತಿರುಗಾಟದಲ್ಲೇ ತಂದೆಯ ಮೊಣಕಾಲು ಹೋಯಿತು. ಅಣ್ಣನಿಗೆ ಊರಿನ ಪೂಜೆ ಬಿಟ್ಟು ಬರಲಾಗುತ್ತಿರಲಿಲ್ಲ. ಆಮೇಲೆ ತಾರೀಖುಗಳಿಗೆ ನಾನೊಬ್ಬಳೇ.

ಹಿಂದಿನ ದಿನವೇ ಹೊರಟು, ಉದಗೀರದ ಒಂದು ಮಠದ ಪಡಸಾಲೆಯಲ್ಲಿ ಮಲಗಿ, ಬೆಳಗಾಗುತ್ತಲೇ ಅದಾಲತ್ತಿನ ಮುಂದೆ ಹೋಗಿ ಕೂಡುತ್ತಿದ್ದೆ. ಬೇವಿನ ಮರದ ನೆರಳು ನನ್ನ ಸುತ್ತ ತಿರುಗುತ್ತಿತ್ತು, ನಾನು ಅದರ ಜೊತೆ ಸರಿಯುತ್ತಿದ್ದೆ. ಕೊನೆಗೆ ಯಾರೋ ಬಂದು, ಮುಂದಿನ ತಾರೀಖು ಬಿದ್ದಿದೆ ಎನ್ನುತ್ತಿದ್ದರು. ಒಂದು ಮಾತನ್ನೂ ಆಡದೆ ತಿರುಗಿ ಬಂದ ದಿನಗಳೇ ಹೆಚ್ಚು. ಭಾವನೂ ಬಂದು ಆಚೆ ದೂರದಲ್ಲಿ ಕೂಡುತ್ತಿದ್ದರು. ಅವರ ಹತ್ತಿರ ಊರಿನವರು ಇಬ್ಬರಾದರೂ ಇರುತ್ತಿದ್ದರು, ಎಲೆಯಡಿಕೆ ನಡೆದಿರುತ್ತಿತ್ತು. ಒಮ್ಮೊಮ್ಮೆ, ಅವರ ಗುಂಪಿನಲ್ಲೇ ಹೋಗಿ ಕುಳಿತುಬಿಡೋಣ ಅನಿಸುತ್ತಿತ್ತು. ಎಷ್ಟೆಂದರೂ ಆ ಅಂಗಳದಲ್ಲಿ ನನ್ನ ಮನೆಯವರು ಅಂತ ಇದ್ದದ್ದು ಅವರೇ.

ನನ್ನನ್ನು ಕಟಕಟೆಗೆ ಕರೆದ ದಿನ ನನಗೆ ದೊಡ್ಡ ಕಷ್ಟವಾದದ್ದು ಮುನ್ಸೀಫರಿಂದಲ್ಲ. ಭಾವ ಎದುರಿಗೇ ನಿಂತಿದ್ದರು. ಅವರ ಮುಂದೆ ದನಿ ಹೊರಡಿಸಿದ್ದು ಅದೇ ಮೊದಲು. ಒಲೆ ಎರಡಾದದ್ದು, ಬದು ಹಾಕಿದ್ದು, ಎಲ್ಲ ಹೇಳಿದೆ. ಹತ್ತು ಮಾತು ಹೇಳಿದರೆ ಬರೆಯುವವರು ಒಂದು ಸಾಲು ಬರೆದರು. ಉಳಿದ ಒಂಬತ್ತು ಎಲ್ಲಿ ಹೋದವೋ ನಾನು ಕೇಳಲಿಲ್ಲ. ಆಗ ಭಾವನ ವಕೀಲರು ಎದ್ದು ನಿಂತು, ನಗುನಗುತ್ತಲೇ ಒಂದು ಮಾತು ಹೇಳಿದರು. ಈಕೆ ತನ್ನ ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದು, ಪಾಲಾಗಿತ್ತು ಎಂದು ಆಣೆ ಮಾಡಲಿ. ನಮ್ಮ ಕಕ್ಷಿದಾರರು ಈಗಲೇ ಹೊಲ ಬಿಟ್ಟುಕೊಡುತ್ತಾರೆ.

ನಮ್ಮ ವಕೀಲರ ಮುಖ ಅರಳಿತು. ಹಾಗೆ ಒಪ್ಪಿ ಆಣೆ ಮಾಡಿದರೆ ಅದೇ ಕೊನೆಯ ಮಾತು, ದಾವೆ ಅಲ್ಲಿಗೆ ಮುಗಿಯುತ್ತದಂತೆ. "ಘ್ಯಾ ಬಾಈ, ಘ್ಯಾ" ಎಂದು ನನ್ನ ಕಡೆ ತಿರುಗಿ ಅವಸರ ಮಾಡಿದರು. ತೆಗೆದುಕೊ, ಕೈಯಲ್ಲಿ ಹಿಡಿ ಎಂದು.

ನಾನು ಭಾವನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಆ ಯುಕ್ತಿ ಅವರದೇ ಎಂದು ತಿಳಿಯಿತು. ನಾನು ಎಂಥ ಮನೆಯ ಮಗಳೆಂದು ಅವರಿಗೆ ಗೊತ್ತಿತ್ತು. ಲಿಂಗ ಮುಟ್ಟಿ ಆಣೆ ಮಾಡುವುದನ್ನು ನನ್ನ ತಂದೆ ಸುಳ್ಳಿಗೂ ಒಪ್ಪುತ್ತಿರಲಿಲ್ಲ, ನಿಜಕ್ಕೂ ಒಪ್ಪುತ್ತಿರಲಿಲ್ಲ. ಪೂಜಿಸುವ ಲಿಂಗವನ್ನು ಪಂಥಕ್ಕೆ ಒಡ್ಡಬಾರದು ಎನ್ನುತ್ತಿದ್ದರು. ಸಣ್ಣವಳಿದ್ದಾಗ, ಕದ್ದು ಬೆಲ್ಲ ತಿಂದಿಲ್ಲ ಎಂದು ನಾನು ಕೊರಳಿಗೆ ಕೈ ಹಾಕಿದ್ದಕ್ಕೆ ಆ ದಿನ ಊಟ ಸಿಕ್ಕಿರಲಿಲ್ಲ. ಬೆಲ್ಲ ನಾನು ತಿಂದಿರಲಿಲ್ಲ ಎಂಬುದು ಆಮೇಲೆ ತಿಳಿದರೂ ಊಟ ಕೊಡಲಿಲ್ಲ.

"ಇಲ್ಲ," ಎಂದೆ.

ಯಾಕೆ ಎಂದು ಮುನ್ಸೀಫರು ಕೇಳಿದರು. ಅವರು ದೂರದ ಊರಿನವರು. ಇದನ್ನೆಲ್ಲ ಅವರಿಗೆ ಯಾವ ಭಾಷೆಯಲ್ಲಿ ಹೇಳುವುದು? ಮತ್ತೆ ಇಲ್ಲ ಎಂದೆ. ಆ ಒಂದೇ ಮಾತನ್ನು ಮಾತ್ರ ಬರೆಯುವವರು ಪೂರ್ತಿಯಾಗಿ ಬರೆದುಕೊಂಡರು.

ಹೊರಗೆ ಬಂದ ಮೇಲೆ ನಮ್ಮ ವಕೀಲರು ಬೇವಿನ ಮರದ ಕೆಳಗೆ ನನ್ನ ಮೇಲೆ ಹರಿಹಾಯ್ದರು. ಕೈಗೆ ಬಂದದ್ದನ್ನು ಬೀದಿಗೆ ಚೆಲ್ಲಿದೆ, ಇನ್ನು ಎಲ್ಲರೂ ನಿನ್ನನ್ನೇ ಸುಳ್ಳಿ ಅಂತಾರೆ, ನಿಜ ಹೇಳು, ಪಾಲಾಗಿತ್ತೋ ಇಲ್ಲವೋ ಎಂದರು. ಅಲ್ಲಿಯವರೆಗೆ ನುಂಗಿಕೊಂಡಿದ್ದ ಸಿಟ್ಟೆಲ್ಲ ನನಗೆ ಒಮ್ಮೆಲೇ ಬಂತು.

"ವಕೀಲ ಸಾಹೇಬ್ರ, ಹೊಲದ ಸಲುವಾಗಿ ಲಿಂಗ ಹಿಡದ ಕೈಲಿಂದ ನಾಳಿ ನಾ ಪೂಜಿ ಹ್ಯಾಂಗ ಮಾಡ್ಲಿ? ನನ್ನ ಲಿಂಗ ಯಾಕ ಕೇಳ್ತೀರಿ? ನನ್ನ ಗಂಡನ ಕೈಯಾಗ ಒಂದು ಅದ, ಅದನ್ನ ಕೇಳ್ರಿ ಹೋಗ್ರಿ. ಆ ಹೊಲದಾಗೇ ಹಿಡಕೊಂಡು ಕುಂತಾರ."

ವಕೀಲರು ಮೆಲ್ಲಗೆ, "ಕುಠಲ್ಯಾ ಶೇತಾತ?" ಎಂದರು. ಯಾವ ಹೊಲದಲ್ಲಿ ಎಂದು.

"ಕೆಳಗಿನ ಪಟ್ಟಿನಾಗ್ರಿ. ತನ್ನ ಪಾಲ ಬಿಟ್ಟು ಮಂದಿ ಪಾಲಿನಾಗ ಯಾರರ ಮಣ್ಣ ಕೊಡ್ತಾರೇನ್ರಿ? ಅವನ ಪಾಲಿನಾಗ ಜಾಗ ಮಾಡ್ರಿ ಅಂತ ಭಾವನೋರೇ ಹೇಳ್ಯಾರ."

ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದು ಅವರು ತಲೆ ಚಚ್ಚಿಕೊಂಡರು. ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಗಂಡ ಎಲ್ಲಿದ್ದಾರೆಂಬುದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಕೇಳಬೇಕೆಂದು ಅವರಿಗೂ ಹೊಳೆದಿರಲಿಲ್ಲ. ಅವರಲ್ಲಿ ಸುಟ್ಟು ಬೂದಿಯನ್ನು ಹೊಳೆಗೆ ಬಿಡುತ್ತಾರೆ. ಸತ್ತವನಿಗೂ ಒಂದು ಜಾಗವಿರುತ್ತದೆ, ಅದು ಯಾರ ಪಾಲಿನಲ್ಲಿದೆ ಎಂಬುದೂ ಒಂದು ಮಾತಾಗುತ್ತದೆ ಎಂದು ಅವರೇಕೆ ಯೋಚಿಸಿಯಾರು.

ಭಾವನ ಕಡೆಯವರು ಇದನ್ನೂ ಅಲ್ಲಗಳೆದರು. ಹೊಲದಲ್ಲಿ ಯಾರೂ ಇಲ್ಲ, ತಮ್ಮನನ್ನು ಊರ ಹೊರಗಿನ ರುದ್ರಭೂಮಿಯಲ್ಲಿ ಇಟ್ಟಿದ್ದೇವೆ ಎಂದರು. ಅಲ್ಲಿ ಯಾವ ಗದ್ದುಗೆ ಯಾರದು ಎಂದು ಹೇಳುವವರು ಯಾರು? ಕೊನೆಗೆ ಜಾಗ ನೋಡಿ ಬರಲು ಅದಾಲತ್ತಿನಿಂದ ಒಬ್ಬ ಕಮಿಷನರನ್ನು ನೇಮಿಸಿದರು.

ಅವರು ಬಂದಾಗ ಸುಗ್ಗಿ ಮುಗಿದಿತ್ತು. ಜೋಳ ಕೊಯ್ದ ಹೊಲದಲ್ಲಿ ಕೂಳೆ ಒಣಗಿ ನಿಂತಿತ್ತು. ನೋಡದವರಿಗೆ ಹೇಳುತ್ತೇನೆ, ಓರೆಯಾಗಿ ಕೊಯ್ದ ಜೋಳದ ಬುಡಗಳು ಒಣಗಿದರೆ ಮುಳ್ಳೇ ವಾಸಿ. ಎರೆಭೂಮಿ ಬಿರಿದಿರುತ್ತದೆ, ಬಿಸಿಲಿಗೆ ಕಾದಿರುತ್ತದೆ. ಕಮಿಷನರು ಬೂಟು ಹಾಕಿದ್ದರು. ನಮ್ಮ ವಕೀಲರು ಕೊಡೆ ಹಿಡಿದಿದ್ದರು. ಊರಿನ ಮಂದಿ ದೂರ ಜಾಲಿಮರದ ಕೆಳಗೆ ನಿಂತಿತ್ತು. ನನ್ನನ್ನು ಮಾತಾಡಿಸಲು ಯಾರೂ ಬರಲಿಲ್ಲ.

ಜಾಗ ತೋರಿಸು ಎಂದರು. ಬದು ಇರಲಿಲ್ಲ, ಕಲ್ಲು ಇರಲಿಲ್ಲ, ಎಲ್ಲ ಕಡೆ ಒಂದೇ ಕೂಳೆ. ಹಳ್ಳದ ತಿರುವು ನೋಡಿಕೊಂಡು ನೆಟ್ಟಗೆ ನಡೆದು ಹೋಗಿ, ನನ್ನ ಗಂಡ ಕುಳಿತ ಜಾಗಕ್ಕೆ ಒಂದು ಮಾರು ಈಚೆಗೆ ನಿಂತು ಕೈ ತೋರಿಸಿದೆ. ಕಮಿಷನರು ಸುತ್ತ ನೋಡಿದರು. ಅವರಿಗೆ ಏನು ಕಂಡೀತು?

ಭಾವ ದೂರದಿಂದಲೇ ಕೂಗಿದರು. "ಅಲ್ಲೇನೂ ಇಲ್ಲ ಸಾಹೇಬ್ರ, ಬರೇ ಹೊಲ ಅದ."

ಅಗೆಸಿ ನೋಡೋಣವೇ ಎಂದು ಕಮಿಷನರು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿಯೂ ನನ್ನ ಒಳ್ಳೆಯದಕ್ಕೇ ಕೇಳಿದ್ದು. ನಮ್ಮ ವಕೀಲರು ನನ್ನ ಕಡೆ ಆಸೆಯಿಂದ ನೋಡಿದರು. ಒಂದು ಹೂಂ ಎಂದರೆ ಸಾಕಿತ್ತು. ಮಣ್ಣಿನ ಕೆಳಗೆ ನನ್ನ ಗಂಡ ಸಾಕ್ಷಿ ಹಿಡಿದುಕೊಂಡೇ ಕುಳಿತಿದ್ದರು. ಹೊಲ ಸಿಕ್ಕರೆ ನನ್ನ ಒಲೆ, ನನ್ನ ರೊಟ್ಟಿ, ಯಾರ ಮುಖವನ್ನೂ ನೋಡದೆ ಬದುಕುವ ಒಂದು ಬಾಳು. ಸಿಗದಿದ್ದರೆ ತುರೋರಿಯಲ್ಲಿ ಅತ್ತಿಗೆಯ ಬಾಗಿಲಲ್ಲಿ ಕೊನೆಯತನಕ.

"ಬ್ಯಾಡ್ರಿ," ಎಂದೆ. "ಕುಂತವರನ್ನ ಎಬ್ಬಿಸಬ್ಯಾಡ್ರಿ. ಹೊಲ ಹೋದ್ರ ಹೋಗ್ಲಿ."

ವಕೀಲರು ಕೊಡೆ ಮಡಚಿದರು. ಅವರ ಪಾಲಿಗೆ ದಾವೆ ಮುಗಿದಿತ್ತು. ಕಮಿಷನರು ಮಾತ್ರ, ಬಂದದ್ದಕ್ಕೆ ಅಳತೆಯನ್ನಾದರೂ ತೆಗೆದುಕೊಳ್ಳುತ್ತೇನೆ, ಈಕೆ ತೋರಿಸಿದ ಜಾಗ ಹಳ್ಳದಿಂದ ಎಷ್ಟು ದೂರ ಎಂದು ಬರೆಯುತ್ತೇನೆ ಎಂದರು. ಹಳ್ಳದ ದಂಡೆಯಲ್ಲಿ ತಾವು ಸರಪಳಿಯ ಒಂದು ತುದಿ ಹಿಡಿದರು. ನಾಳೆ ಅಳತೆ ಸುಳ್ಳೆಂದು ತಕರಾರು ಬರಬಾರದೆಂದು ಇನ್ನೊಂದು ತುದಿಗೆ ಭಾವನನ್ನೇ ಕರೆದರು.

ಭಾವ ಸರಪಳಿಯ ತುದಿ ಹಿಡಿದುಕೊಂಡು ಬಂದರು. ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಪಕ್ಕಕ್ಕೆ ಸರಿದೆ. ವಾಡಿಕೆಯಂತೆ ಕಣ್ಣು ನೆಲದ ಮೇಲಿತ್ತು. ಅವರ ಕಾಲು ನಡೆದು ಬಂದವು. ನಾನು ತೋರಿಸಿದ ಜಾಗಕ್ಕೆ ಒಂದು ಮಾರು ಇರುವಾಗ ತಡೆದವು. ಬಲಗಾಲು ಚಪ್ಪಲಿ ಬಿಟ್ಟಿತು. ಎಡಗಾಲು ಚಪ್ಪಲಿ ಬಿಟ್ಟಿತು. ಆಮೇಲೆ ಬರಿಗಾಲಿನಲ್ಲಿ ಕೂಳೆಯ ಮೇಲೆ ಹೆಜ್ಜೆಯಿಟ್ಟು ಹೋಗಿ, ಸರಪಳಿಯನ್ನು ನೆಲಕ್ಕೆ ತಾಗಿಸಿ ಕುಕ್ಕರಗಾಲಿನಲ್ಲಿ ಕುಳಿತರು.

ಕಮಿಷನರು ಅಳತೆ ಬರೆದುಕೊಂಡು ಹತ್ತಿರ ಬಂದರು. ಭಾವನ ಹಿಮ್ಮಡಿಯಿಂದ ರಕ್ತ ಬರುತ್ತಿತ್ತು. ಕಮಿಷನರು ಅದನ್ನು ನೋಡಿದರು, ಹಿಂದೆ ಬಿದ್ದಿದ್ದ ಚಪ್ಪಲಿಗಳನ್ನು ನೋಡಿದರು.

"ಚಪ್ಪಲ್ ಕಾ ಕಾಢ್ಲಿ?" ಎಂದರು. ಚಪ್ಪಲಿ ಯಾಕೆ ತೆಗೆದಿರಿ?

ಭಾವ ತಮ್ಮ ಕಾಲುಗಳನ್ನು ನೋಡಿಕೊಂಡರು. ತೆಗೆದದ್ದು ಅವರಿಗೇ ತಿಳಿದಿರಲಿಲ್ಲ. ಕಾಲಲ್ಲಿ ಕಲ್ಲು ಸಿಕ್ಕಿತ್ತು ಎನ್ನಬಹುದಾಗಿತ್ತು, ಚಪ್ಪಲಿಯ ಉಂಗುಟ ಹರಿದಿತ್ತು ಎನ್ನಬಹುದಾಗಿತ್ತು. ಸುಳ್ಳು ಅವರಿಗೆ ಹೊಸದೇನಾಗಿರಲಿಲ್ಲ. ಅವರ ಕೈ ಅಂಗಿಯ ಮೇಲಿನಿಂದಲೇ ಎದೆಯ ಲಿಂಗಕ್ಕೆ ಹೋಯಿತು.

"ನನ್ನ ತಮ್ಮ ಇಲ್ಲೇ ಕುಂತಾನ್ರಿ, ಸಾಹೇಬ್ರ," ಎಂದರು. "ಅವನ ಪಾಲಿನಾಗ."

ಫೈಸಲಾ ಆಗಿ ಕೆಳಗಿನ ಪಟ್ಟಿ ನನಗೆ ಬಂತು. ವಕೀಲರು ಪೇಡೆ ಹಂಚಿದರು. ನಾನು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಲಂಗಾದವರೆಗೆ ಬಂದೆ. ಗೆದ್ದೆ ಎಂದು ಹೇಳಿಕೊಳ್ಳಲು ಅಲ್ಲಿಯೂ ಯಾರೂ ಇರಲಿಲ್ಲ. ತಂದೆ ಆ ಮಳೆಗಾಲದಲ್ಲೇ ಹೋಗಿಬಿಟ್ಟಿದ್ದರು. ಪೇಡೆಯನ್ನು ಒಬ್ಬಳೇ ತಿಂದೆ. ತಿನ್ನುತ್ತಾ ಅಳು ಬಂತು.

ಹೊಲದ ಅಂಚಿಗೆ ಒಂದು ಕೋಣೆ ಹಾಕಿಸಿಕೊಂಡು ಇದ್ದೆ. ಮೊದಲು ಮಾಡಿಸಿದ ಕೆಲಸವೆಂದರೆ ಗದ್ದುಗೆಗೆ ಕಟ್ಟೆ ಕಟ್ಟಿಸಿದ್ದು. ಗೌಂಡಿ ಕೆಲಸ ನಡೆಸಿದ್ದಾಗ ಭಾವ ತಮ್ಮ ಪಟ್ಟಿಯ ಬದುವಿನ ಮೇಲೆ ಬಂದು ನಿಂತರು. ನಾನು ಕೋಣೆಯೊಳಗೆ ಸರಿದೆ. ಅದಾಲತ್ತಿನಲ್ಲಿ ಅಷ್ಟೆಲ್ಲ ಎದುರಾಡಿದವಳು ಮತ್ತೆ ಒಳಗೆ ಸರಿದೆ, ನೋಡಿ. ಅವರು ಗೌಂಡಿಗೆ ಹೇಳಿದರು.

"ಕಟ್ಟಿ ಹಂಗಲ್ಲಪಾ, ಹಿಂಗ ತಿರುವು. ಅವನ ಮಾರಿ ಹಳ್ಳದ ಕಡಿಗಿ ಅದ."

ಅಷ್ಟು ಹೇಳಿ ಹೋದರು. ಅದು ನನಗೂ ಹೇಳಿದ ಮಾತೆಂದು ನನಗೆ ಗೊತ್ತಿತ್ತು. ಆಮೇಲೆ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ರಾಜ್ಯಗಳನ್ನು ಹಂಚಿದರು, ನಮ್ಮ ಸೀಮೆ ಮುಂಬಯಿ ಕಡೆಗೆ ಹೋಯಿತು, ಆಮೇಲೆ ಮಹಾರಾಷ್ಟ್ರವೆಂದರು. ಆ ವರ್ಷವೇ ಭಾವ ತೀರಿಕೊಂಡರು. ಅವರನ್ನೂ ಅವರ ಪಾಲಿನಲ್ಲಿ, ಮೇಲಿನ ಪಟ್ಟಿಯಲ್ಲಿ ಕೂಡಿಸಿದರು. ನಾನು ದೂರದಿಂದ ನೋಡಿದೆ. ಆ ದಿನ ನಾನು ಅತ್ತದ್ದನ್ನು ಕಂಡು ಊರಿನವರು ಬೆರಗಾದರು. ದಾವೆ ಹಾಕಿದವಳು ಯಾಕೆ ಅಳುತ್ತಾಳೆ ಎಂದು.

ಈಗ ಕಟ್ಟೆ ಚೆನ್ನಾಗಿದೆ. ಸುಣ್ಣ ಬಳಿಸಿದ್ದೇನೆ, ದೂರದ ದಾರಿಯಿಂದಲೂ ಕಾಣುತ್ತದೆ. ಕಳೆ ತೆಗೆಯಲು ಬಂದವರು ಅದರ ಮೇಲೆ ಬುತ್ತಿ ಬಿಚ್ಚುತ್ತಾರೆ, ದನ ಕಾಯುವವರು ಚಪ್ಪಲಿ ಹಾಕಿಕೊಂಡೇ ಹತ್ತಿ ನಿಂತು ಎಮ್ಮೆಗಳನ್ನು ಕೂಗುತ್ತಾರೆ. ನಾನು ಬೈಯುತ್ತೇನೆ, ಅವರು ನಕ್ಕು ಇಳಿಯುತ್ತಾರೆ. ಅಲ್ಲಿ ಕಟ್ಟೆಯಿಲ್ಲದಾಗ, ಕಲ್ಲಿಲ್ಲದಾಗ, ಯಾರೂ ಹೇಳದೆ ಚಪ್ಪಲಿ ಬಿಟ್ಟು ಬಂದವರು ಒಬ್ಬರೇ ಇದ್ದರು. ಅವರ ಮೇಲೆಯೇ ನಾನು ದಾವೆ ಹೂಡಬೇಕಾಯಿತು.